ಸಾಹೇಬರು ಬಂದ ಮಧ್ಯಾಹ್ನ

ಹೋದ ತಿಂಗಳು ಹಳೆಯ ಗಾದಿಯ ಹತ್ತಿ ಹಿಂಜಿಸಲು ಪಿಂಜಾರರನ್ನು ಕರೆಸಿದ್ದೆ. ಅಂಗಳದ ತುಂಬ ಹತ್ತಿ ಹಾರಿತು. ಆ ಒಣ ವಾಸನೆ ಮೂಗಿಗೆ ಬಡಿದದ್ದೇ ತಡ, ಅಣ್ಣಿಗೇರಿ ಕಡೆಯ ನಮ್ಮೂರಿನ ಎರೆಹೊಲ ಕಣ್ಣ ಮುಂದೆ ಬಂತು. ಅದರ ಹಿಂದೆಯೇ ಅಕ್ಕಾರು... ನಮ್ಮ ಕಡೆ ಶಾಲೆ ಕಲಿಸುವ ಹೆಣ್ಣುಮಕ್ಕಳನ್ನು ಹಾಗೆಯೇ ಕರೆಯುತ್ತಿದ್ದರು. ಅವರ ಹೆಸರು ಹಿಡಿದು ಯಾರೂ ಮಾತಾಡಿದ್ದನ್ನು ನಾನು ಕೇಳಿಲ್ಲ.

ಎಂಬತ್ತರ ದಶಕದ ನಡುವಿನ ಮಾತು. ಸಂಕ್ರಾಂತಿ ದಾಟಿದರೆ ಹತ್ತಿ ಬಿಡಿಸುವ ಕಾಲ. ನಸುಕಿನ ಇಬ್ಬನಿ ಇರುವಾಗ ಬಿಡಿಸಿದರೆ ಒಣಗಿದ ಎಲೆ ಪುಡಿಯಾಗಿ ಹತ್ತಿಗೆ ಅಂಟುವುದಿಲ್ಲ. ಹಾಗಾಗಿ ನಾವು ಐದು ಹುಡುಗಿಯರು ಶಾಲೆಯ ಗಂಟೆಯನ್ನು ಹೊಲದಲ್ಲೇ ಕೇಳುತ್ತಿದ್ದೆವು. ನಾಲ್ಕು ವಾರ ಬರದಿದ್ದರೆ ಹಾಜರಿ ಪುಸ್ತಕದಲ್ಲಿ ಹೆಸರಿಗೆ ಅಡ್ಡಗೆರೆ ಬೀಳುತ್ತಿತ್ತು. ನಮ್ಮ ಅಕ್ಕಂದಿರ ಓದು ಮುಗಿದದ್ದೂ ಹಾಗೆಯೇ.

ಅಕ್ಕಾರು ಆ ವರ್ಷ ಹೆಡ್ ಮಾಸ್ತರ ಮುಂದೆ ನಿಂತು, "ಹುಡುಗ್ಯಾರಿಗೆ ಸಾಲಿ ಹೊತ್ತಿಗೆ ಬರಾಕ ಆಗಂಗಿಲ್ಲಂದ್ರ, ಸಾಲೀನ ಅವರ ಹೊತ್ತಿಗೆ ಬರಬೇಕ್ರಿ," ಎಂದರಂತೆ. ಮೂರು ಗಂಟೆಗೆ ಶಾಲೆಯ ಪಡಸಾಲೆಯಲ್ಲಿ ನಮ್ಮದೇ ಒಂದು ವರ್ಗ ಶುರುವಾಯಿತು. ಅಕ್ಕಾರು ಭಾಳ ಸಮಾಧಾನದವರೇನಲ್ಲ. ತೂಕಡಿಸಿದವರ ಕಡೆ ಸುಣ್ಣದ ಕಡ್ಡಿ ಎಸೆಯುತ್ತಿದ್ದರು. ಗುರಿ ಮಾತ್ರ ಒಂದು ದಿನವೂ ನೆಟ್ಟಗಿರಲಿಲ್ಲ! ಬಾಜು ಮನೆಯ ನನ್ನ ಗೆಳತಿ ಎರಡೇ ತಿಂಗಳಿಗೆ ಪುಸ್ತಕ ಹಿಡಿದು ಸರಸರ ಓದತೊಡಗಿದಳು. ನಾನು ಪ್ರತಿ ಸಾಲಿಗೂ ತಡವರಿಸುತ್ತಿದ್ದೆ.

ಒಂದು ದಿನ ಅಕ್ಕಾರು, "ನಾಳೆ ತಪಾಸಣಿಗೆ ಸಾಹೇಬ್ರು ಬರಾಕತ್ತಾರ. ನಿಮ್ಮನ್ನ ನೋಡಿ ಒಪ್ಪಿದ್ರ ಈ ವರ್ಗ ಮುಂದಿನ ವರ್ಷಾನೂ ಇರ್ತೈತಿ," ಎಂದರು. ಅಂದೇ ಸಂಜೆ ಬಾಗಿಲ ಮರೆಯಲ್ಲಿ ಹೆಡ್ ಮಾಸ್ತರ ಮಾತು ನನ್ನ ಕಿವಿಗೆ ಬಿತ್ತು. "ಇವರು ತಡವರಿಸಿದ್ರ ಸಾಹೇಬ್ರು ನಿಮ್ಮ ಮ್ಯಾಲ ಕೆಟ್ಟ ಷರಾ ಬರೀತಾರ್ರಿ ಅಕ್ಕಾರ. ಬದಲೀನೂ ಮಾಡಿಬಿಡ್ತಾರ." ಅಕ್ಕಾರು, "ಬರೀಲಿ ಬಿಡ್ರಿ," ಎಂದು ನಕ್ಕರು.

ನನಗೆ ನಗು ಬರಲಿಲ್ಲ. ದಾರಿಯಲ್ಲಿ ಉಳಿದ ನಾಲ್ವರನ್ನು ತಡೆದು, "ನಾಳೆ ಯಾರೂ ಹೋಗೂದು ಬ್ಯಾಡ. ನಮ್ಮ ಸಲುವಾಗಿ ಅಕ್ಕಾರನ್ನ ಕಳಸಿಬಿಡ್ತಾರಂತ," ಎಂದೆ. ಗೆಳತಿ ಒಪ್ಪಲಿಲ್ಲ. "ನನಗ ಓದಾಕ ಬರತೈತಿ, ನಾ ಹೊಕ್ಕೇನಿ," ಎಂದಳು. "ನನ್ನಾಣಿ ಐತಿ ನೋಡಲೇ," ಎಂದು ಅವಳ ಬಾಯಿ ಕಟ್ಟಿದೆ. ಅಕ್ಕಾರ ಮೇಲಿನ ಪ್ರೀತಿ ಹಾಗೆ ಮಾಡಿಸಿತೋ, ಸಾಹೇಬರ ಮುಂದೆ ಓದುವ ನನ್ನ ಅಂಜಿಕೆಯೋ... ಇವತ್ತಿಗೂ ಖಾತ್ರಿಯಾಗಿ ಹೇಳಲಾರೆ.

ಮರುದಿನ ಹೊತ್ತು ಮುಳುಗುವವರೆಗೂ ನಾವು ಹೊಲದ ಬದುವಿನ ಜಾಲಿಗಿಡದ ಕೆಳಗೆ ಕುಳಿತಿದ್ದೆವು. ದೊಡ್ಡ ಉಪಕಾರ ಮಾಡಿದ ಹೆಮ್ಮೆ ನಮಗೆ.

ದೀಪ ಹಚ್ಚುವ ಹೊತ್ತಿಗೆ ಅಕ್ಕಾರು ನಮ್ಮ ಮನೆಗೆ ಬಂದರು. ಅವ್ವ ಚಾಪೆ ಹಾಸಿದರೂ ಕೂರಲಿಲ್ಲ. "ಯಾಕ ಬರಲಿಲ್ಲ?" ಎಂದರು. ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ. ಬೈಯುತ್ತಾರೆಂದು ಕಾದೆ, ಬೈಯಲಿಲ್ಲ.

"ತಪ್ಪು ಓದಿದ್ರೂ ನಡೀತಿತ್ತವ್ವಾ. ನೀವು ಐದೂ ಮಂದಿ ಅಲ್ಲಿ ಕುಂತಿದ್ರ ಸಾಕಿತ್ತು," ಎಂದು ಹೊರಟುಹೋದರು.

ಬರಿದಾದ ಪಡಸಾಲೆಯ ಮುಂದೆ ಸಾಹೇಬರು ಒಂದು ತಾಸು ಕಾದಿದ್ದರಂತೆ. ಈ ವರ್ಗ ಕಾಗದದ ಮೇಲೆ ಮಾತ್ರ ಇದೆ ಎಂದು ಷರಾ ಬರೆದರು. ವರ್ಗ ನಿಂತಿತು. ಜೂನ್‌ನಲ್ಲಿ ಅಕ್ಕಾರಿಗೆ ಕಲಘಟಗಿ ಕಡೆಗೆ ಬದಲಿಯಾಯಿತು. ಅವರು ಬಸ್ಸು ಹತ್ತಿದ ದಿನವೂ ನಾವು ಹೊಲದಲ್ಲೇ ಇದ್ದೆವು.

ನನ್ನನ್ನು ಸೋದರಮಾವ ಹುಬ್ಬಳ್ಳಿಗೆ ಒಯ್ದು ಶಾಲೆಗೆ ಹಾಕಿದ. ಉಳಿದ ನಾಲ್ವರು ಮತ್ತೆ ಪುಸ್ತಕ ಹಿಡಿಯಲಿಲ್ಲ. ಈಗ ನಾನೂ ಅಕ್ಕಾರೇ. ಶಿಕ್ಷಕರ ಯೋಗ್ಯತೆಯನ್ನು ಹೇಗೆ ಅಳೆಯಬೇಕೆಂದು ಸಭೆಗಳಲ್ಲಿ ಗಂಟೆಗಟ್ಟಲೆ ವಾದ ನಡೆಯುತ್ತದೆ. ಚಹಾ ಆರುತ್ತದೆ, ವಾದ ಆರುವುದಿಲ್ಲ. ಮಕ್ಕಳ ಅಂಕ ನೋಡಿದರೆ ಸಾಕು ಎಂದು ಯಾರಾದರೂ ಅಂದರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ಅಂಥ ಒಂದು ಸಭೆಯಲ್ಲೇ ಕಲಘಟಗಿ ಕಡೆಯ ಶಿಕ್ಷಕಿಯೊಬ್ಬರು ಅಕ್ಕಾರು ತೀರಿಕೊಂಡ ಸುದ್ದಿ ಹೇಳಿದರು. ಅಲ್ಲಿ ಅವರು ಗಂಟೆ ಹೊಡೆದಾಗ ಬಂದು, ಗಂಟೆ ಹೊಡೆದಾಗ ಹೋಗುತ್ತಿದ್ದರಂತೆ. ಬೇರೆ ಹೊತ್ತಿನ ವರ್ಗದ ಮಾತನ್ನು ಮತ್ತೆ ಎತ್ತಲೇ ಇಲ್ಲವಂತೆ. ಹೋಗಿ ಕಾಣಬೇಕೆಂದುಕೊಂಡು ನಾನು ಎಷ್ಟು ವರ್ಷ ಮುಂದೂಡಿದೆನೋ...

ಮೊನ್ನೆ ಊರಿಗೆ ಹೋದಾಗ ಗೆಳತಿ ಸಿಕ್ಕಳು. ಮೊಮ್ಮಗಳನ್ನು ಶಾಲೆಗೆ ಸೇರಿಸುವ ಅರ್ಜಿಗೆ ಹೆಬ್ಬೆಟ್ಟು ಒತ್ತಿ ಬಂದಿದ್ದಳು. ಬೆರಳಿನ ಮಸಿಯನ್ನು ತಲೆಗೂದಲಿಗೆ ಒರೆಸಿಕೊಳ್ಳುತ್ತ, "ಸಾಹೇಬ್ರು ಬಂದಾಗ ನಾವ್ಯಾಕ ಹೋಗಲಿಲ್ಲಲೇ? ಯಾರು ಬ್ಯಾಡಂದಿದ್ರು?" ಎಂದಳು.

"ನಾನ ಅಂದಿದ್ದೆ," ಎಂದೆ.

ಅಕ್ಕಾರಂತೆ ಅವಳೂ ಬೈಯಲಿಲ್ಲ. ಕೈಯಲ್ಲಿದ್ದ ಅರ್ಜಿಯ ಪ್ರತಿಯನ್ನು ನನ್ನ ಕಡೆ ಚಾಚಿ, "ಇದರಾಗ ಏನ್ ಬರದಾರ, ಒಂಚೂರು ಓದಿ ಹೇಳು," ಎಂದಳು.