ಗಾಡಿಯೊಳಗೆ ಬೇಯಿಸಿದ ಎಳ್ಳಮವಾಸ್ಯೆ ಭಜ್ಜಿ

ನನ್ನ ಮಗ ಹೈದರಾಬಾದಿನಲ್ಲಿ ಬಸ್ಸುಗಳಿಗೆ ಬಾಡಿ ಕಟ್ಟುತ್ತಾನೆ. ತಗಡು ಬಡಿಯುವುದು ಅವನಿಗೆ ಚೆನ್ನಾಗಿ ಬರುತ್ತದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಹೋದ ಎಳ್ಳಮವಾಸ್ಯೆಗೆ ಬೀದರಿನ ನಮ್ಮ ಓಣಿಯ ಬಾಯಿಗೆ ಒಂದು ಉದ್ದನೆಯ ಬಿಳಿ ಡಬ್ಬಿ ತಂದು ನಿಲ್ಲಿಸಿ ಅದಕ್ಕೆ ಮನೆ ಅಂದನಲ್ಲ, ಅದಕ್ಕೆ ತಕರಾರು. ಒಳಗೆ ಮಲಗಲು ಹಲಗೆ, ಬೋಗುಣಿಯಷ್ಟು ತೊಟ್ಟಿ, ಅದಕ್ಕೊಂದು ನಳ, ಪಕ್ಕದಲ್ಲಿ ಬೆಂಕಿಯೇ ಕಾಣದ ಕರೆಂಟಿನ ಒಲೆ. ಬಾಡಿಗೆಗೆ ಬಿಡಲು ಕಟ್ಟಿದ್ದಂತೆ. ಶ್ರೀಮಂತರು ದುಡ್ಡು ಕೊಟ್ಟು ಇದರಲ್ಲಿ ಊರೂರು ತಿರುಗಿ, ತಾವೇ ಅಡುಗೆ ಮಾಡಿಕೊಂಡು, ತಾವೇ ಪಾತ್ರೆ ತಿಕ್ಕುತ್ತಾರಂತೆ. ಮನೆಯಲ್ಲಿ ನೆಟ್ಟಗೆ ನಿಂತು ಮಾಡುವ ಕೆಲಸವನ್ನು ಬೆನ್ನು ಬಗ್ಗಿಸಿ ಮಾಡಲು ದುಡ್ಡು ಕೊಡುವ ಜನರೂ ಇದ್ದಾರೆ ಅಂತ ಅವತ್ತೇ ಗೊತ್ತಾಗಿದ್ದು.

ಬೈಯಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಬಾಗಿಲಿನಿಂದ ನನ್ನ ಮೊಮ್ಮಗಳು ಹಾರಿ ಬಂದು ಸೊಂಟಕ್ಕೆ ಗಂಟು ಬಿದ್ದಳು. ನಾಲ್ಕು ವರ್ಷದ ಕೂಸು. ಮುಂದಿನ ಒಂದು ಹಲ್ಲು ಬಿದ್ದ ಹಾಗೆ ಕಂಡಿತು, ಬಿದ್ದಿಲ್ಲ, ಚಾಕಲೇಟು ಅಂಟಿತ್ತು. ಸೆರಗಿನಿಂದ ಒರೆಸಿದೆ. ಹಿಂದೆಯೇ ಸೊಸೆಯೂ ಇಳಿದಳು. ಆಮೇಲೆ ಯಾರನ್ನು ಯಾಕೆ ಬೈಯಬೇಕಾಗಿತ್ತೋ ನೆನಪಾಗಲಿಲ್ಲ.

ನಮ್ಮ ಹೊಲ ಸಂತಪುರದ ಹತ್ತಿರ ಇದೆ. ಎಳ್ಳಮವಾಸ್ಯೆಗೆ ಹೊಲಕ್ಕೆ ಹೋಗಿ ಭೂಮಿತಾಯಿಗೆ ಚರಗ ಚೆಲ್ಲಿ, ಅಂದರೆ ಅಡುಗೆಯನ್ನು ಬೆಳೆಯ ಮೇಲೆ ತೂರಿ, ಆಮೇಲೆ ಎಲ್ಲರೂ ಅಲ್ಲೇ ಕೂತು ಉಣ್ಣುವುದು ನಮ್ಮ ಪದ್ಧತಿ. ಆ ಕೂಸು ಅದನ್ನು ಇನ್ನೂ ಕಂಡೇ ಇರಲಿಲ್ಲ. ಅದರ ಮೊದಲ ತುತ್ತು ನನ್ನ ಕೈಯಿಂದ ಹೋಗಬೇಕು ಅಂತ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದೆ. ಹುಡುಗಿ ರೊಟ್ಟಿ ಮುಟ್ಟುವುದಿಲ್ಲ, ಕಾಳು ನೋಡಿದರೆ ಮುಖ ತಿರುಗಿಸುತ್ತಾಳೆ ಎಂದು ಸೊಸೆ ಫೋನಿನಲ್ಲಿ ಹೇಳುತ್ತಲೇ ಇದ್ದಳು. ಪೊಟ್ಟಣ ಹರಿದು ಬಿಸಿನೀರಿಗೆ ಹಾಕಿ ಶಾವಿಗೆಯಂಥದ್ದು ತಿನ್ನಿಸಿ ಬೆಳೆಸಿದರೆ ಇನ್ನೇನಾಗುತ್ತದೆ?

ಮಗ ಅಂದ, "ಅವ್ವಾ, ನಸಕಿನ್ಯಾಗ ಎದ್ದು ಯಾಕ ಒದ್ದಾಡ್ತಿ? ಸಾಮಾನೆಲ್ಲಾ ಗಾಡ್ಯಾಗ ಹಾಕು. ದಾರ್ಯಾಗ ನಿಂತು ಅಡಗಿ ಮಾಡಿದ್ರ ಆಯ್ತು. ನಾ ವಿಡಿಯೋ ತಗಿತೇನಿ, ಗಿರಾಕಿಗೋಳಿಗಿ ತೋರಸಾಕ."

"ನಿನ್ನ ಗಿರಾಕಿಗೋಳು ನನ್ನ ಭಜ್ಜಿ ನೋಡಿ ಏನ್ ಮಾಡ್ತಾರೋ?"

"ಬಾಡಿಗಿ ಕೊಡ್ತಾರ."

ಸಜ್ಜೆ ರೊಟ್ಟಿ ನಾನು ಹಿಂದಿನ ದಿನವೇ ಬಡಿದಿಟ್ಟಿದ್ದೆ. ಹಸಿ ತೊಗರಿಕಾಳು, ಬಟಾಣಿ, ಕಡಲೆ, ಮೆಂತ್ಯಪಲ್ಲೆ, ಬದನೆಕಾಯಿ, ಕಡಲೆಹಿಟ್ಟು, ಹುಣಸೆಹಣ್ಣು ಎಲ್ಲ ಗಾಡಿಗೆ ಏರಿಸಿದೆ. ನಮ್ಮ ಕಡೆ ಭಜ್ಜಿ ಅಂದರೆ ಎಣ್ಣೆಯಲ್ಲಿ ಕರಿದದ್ದಲ್ಲ. ಈ ಕಾಳು ಪಲ್ಲೆಗಳನ್ನೆಲ್ಲ ಕೂಡಿಸಿ ಮೆತ್ತಗೆ ಕುದಿಸಿದ್ದು. ಅದಿಲ್ಲದೆ ಎಳ್ಳಮವಾಸ್ಯೆ ಇಲ್ಲ.

ಭಾಲ್ಕಿಯಲ್ಲಿ ಬೀಗತಿಯನ್ನು ಹತ್ತಿಸಿಕೊಳ್ಳಬೇಕಾಗಿತ್ತು. ಬೀಗತಿ ಅಂದರೆ ಸೊಸೆಯ ತಾಯಿ. ಆಕೆ ಮಣ್ಣಿನ ಗಡಿಗೆಯಲ್ಲಿ ಹುಳಿ ಬರಿಸಿದ ಜೋಳದ ಅಂಬಲಿ ತಂದಿದ್ದಳು. ಬಂದವಳೇ ಮೆತ್ತನೆಯ ಸೀಟಿನಲ್ಲಿ ಗಡಿಗೆ ಕೂಡಿಸಿ ಅದಕ್ಕೆ ಬೆಲ್ಟು ಬಿಗಿಸಿದಳು. ನಾನು ಹಲಗೆಯ ಅಂಚಿಗೆ ಸರಿದೆ. ಕೂಸು ಓಡಿ ಹೋಗಿ ಆಕೆಯ ತೊಡೆ ಏರಿತು. ಆಕೆಯ ಚೀಲದಲ್ಲಿ ಉಂಡೆ ಇದ್ದವು, ಅದಕ್ಕೇ ಏರಿತು.

ಊರು ದಾಟಿ ಒಂದು ಬೇವಿನ ಮರದ ಕೆಳಗೆ ಮಗ ಗಾಡಿ ನಿಲ್ಲಿಸಿದ. ನಾನು ಒಲೆ ಹಚ್ಚಿದೆ. ಹಚ್ಚಿದೆ ಅನ್ನುವುದೇ ತಪ್ಪು, ಒಂದು ಗುಂಡಿ ಒತ್ತಿದೆ. ಪಾತ್ರೆ ಸ್ವಲ್ಪ ಎತ್ತಿದರೆ ಸಾಕು, ಕುಂಯ್ ಅಂತ ಅಳುತ್ತದೆ, ಬಂದಾಗುತ್ತದೆ. ಮತ್ತೆ ಗುಂಡಿ ಒತ್ತಬೇಕು. ಒಲೆಯನ್ನೂ ಕೂಸಿನ ಹಾಗೆ ಸಂಭಾಳಿಸಬೇಕೇ? ಮೇಲಿನ ಕಪಾಟಿನ ಬಾಗಿಲು ನೆತ್ತಿಗೆ ಬಡಿಯಿತು. ಮಗ ವಿಡಿಯೋದಲ್ಲಿ ಅದನ್ನೂ ಹಿಡಿದುಕೊಂಡ.

ಇಷ್ಟರಲ್ಲಿ ಸೈಕಲ್ಲಿನ ಮೇಲೆ ಬಂದ ಒಬ್ಬ ಮುದುಕ ಕಿಟಕಿಯೊಳಗೆ ಇಣುಕಿ, "ಅಮ್ಮಾ, ಯೇ ಆಂಖ್ ಕಾ ದವಾಖಾನಾ ಹೈ ಕ್ಯಾ?" ಅಂದ. ಕಣ್ಣಿನ ಆಸ್ಪತ್ರೆಯ ಗಾಡಿ ಅಂದುಕೊಂಡಿದ್ದ.

"ಇಲ್ರೀ ಚಾಚಾ, ಇದು ಮನಿ ಅಂತ್ರಿ," ಅಂದೆ.

ಆತ ಗಾಡಿಯನ್ನು ಮೇಲಿಂದ ಕೆಳಗೆ ನೋಡಿ, ನನ್ನನ್ನೂ ನೋಡಿ, "ಅಲ್ಲಾ ರಹಮ್ ಕರೇ," ದೇವರು ಕರುಣೆ ತೋರಲಿ, ಅಂದು ಹೋದ. ತಿಳಿವಳಿಕೆಯ ಮನುಷ್ಯ.

ಆ ಅಡುಗೆಮನೆಯಲ್ಲಿ ಒಬ್ಬರೇ ನಿಲ್ಲಬಹುದು. ಕಾಳಿನ ಜೊತೆಗೇ ಉಪ್ಪು ಹಾಕಿ ಮುಚ್ಚಿಟ್ಟು ನಾನು ಕೂಸಿನ ಹತ್ತಿರ ಕೂತೆ. ಬೀಗತಿ ಎದ್ದು ಒಲೆಯ ಮುಂದೆ ನಿಂತಳು. ನಮ್ಮ ಮನೆಯಲ್ಲಿ ಒಲೆಗೆ ಏರಿಸಿದವರು ಉಪ್ಪು ಹಾಕುತ್ತಾರೆ. ಭಾಲ್ಕಿಯ ಆ ಮನೆಯಲ್ಲಿ ಒಲೆಯಿಂದ ಇಳಿಸುವವರು ಹಾಕುತ್ತಾರಂತೆ. ಇಂಥ ವಿಚಿತ್ರ ಪದ್ಧತಿ ಇರಬಹುದು ಅಂತ ನನಗೆ ಹೇಗೆ ಹೊಳೆಯಬೇಕು? ಚರಗ ಚೆಲ್ಲುವ ತನಕ ಭಜ್ಜಿಯನ್ನು ಬಾಯಿಗೆ ಹಚ್ಚುವಂತಿಲ್ಲ. ಅದಕ್ಕೆ ರುಚಿಯನ್ನು ಯಾರೂ ನೋಡಲಿಲ್ಲ.

ಹೊಲ ಮುಟ್ಟಿದೆವು. ಜೋಳದ ದಂಟಿನ ಗುಡಿಸಲಿನಲ್ಲಿ ಐದು ಕಲ್ಲು ಇಟ್ಟು ಪೂಜೆ ಮಾಡಿದೆವು. ಮಗ ಮುಂದೆ ನೀರು ಚಿಮುಕಿಸುತ್ತ ನಡೆದ, ಕೂಸು ಹಿಂದೆ ಚರಗ ತೂರುತ್ತ ನಡೆಯಿತು. ಅರ್ಧ ಜೋಳದ ಮೇಲೆ, ಅರ್ಧ ಅಪ್ಪನ ಅಂಗಿಯ ಮೇಲೆ. ನನ್ನ ಕಣ್ಣು ತುಂಬಿ ಬಂದವು. ಆ ಹೊಲ ಹಿಂದೆಂದೂ ಅಷ್ಟು ಚಂದ ಕಂಡ ನೆನಪಿಲ್ಲ.

ಊಟಕ್ಕೆ ಕೂತೆವು. ಮಗ ಮೊದಲ ತುತ್ತು ಬಾಯಿಗೆ ಇಟ್ಟುಕೊಂಡ. ಚೊಂಬು ಎತ್ತಿ ಗಟಗಟ ನೀರು ಕುಡಿದ. ನಾನು ತುತ್ತು ಮುರಿದು ಕೂಸಿನ ಬಾಯಿಗೆ ಹಿಡಿದಿದ್ದೆ. ನಾಲಿಗೆಯ ತುದಿ ತಾಗಿಸಿ ಕೂಸು ಥೂ ಅಂದಿತು.

ನಾನು ನೆಕ್ಕಿ ನೋಡಿದೆ. ಬರೀ ಉಪ್ಪು.

"ಅಕ್ಕಾರ, ನೀವು ಉಪ್ಪು ಹಾಕಿದ್ರೇನು?"

"ಇಳಸೋ ಮುಂದ ಹಾಕ್ಬೇಕಲ್ರಿ. ನೀವೂ ಹಾಕಿದ್ರ?"

"ಏರ್ಸೋ ಮುಂದ ಹಾಕಿದ್ದೆ. ಮನುಷ್ಯಾರು ಕೇಳ್ತಾರ ಒಂದ್ ಮಾತು."

"ಹಾಕಿದ್ದು ನೀವು ಹೇಳ್ಬೇಕಿತ್ತು. ಭಾಲ್ಕ್ಯಾಗ ಹೇಳ್ತಾರ್ರಿ."

ಸೊಸೆ ಎದ್ದಳು. "ನೀವಿಬ್ರೂ ಜಗಳಾಡ್ರಿ. ನಾ ಗಾಡ್ಯಾಗ ನೂಡಲ್ಸ್ ಮಾಡ್ಕೊಂಡ್ ಬರ್ತೇನಿ. ಕೂಸು ಹಸದದ."

ನಾವಿಬ್ಬರೂ ಒಮ್ಮೆಗೇ ಬಾಯಿ ಮುಚ್ಚಿದೆವು. ಎಳ್ಳಮವಾಸ್ಯೆಯ ದಿನ, ನಮ್ಮ ಹೊಲದಲ್ಲಿ, ನನ್ನ ಮೊಮ್ಮಗಳ ಮೊದಲ ಊಟ ಆ ಪೊಟ್ಟಣದ ಹುಳಗಳೇ? ಬೀಗತಿಯ ಮುಖ ನೋಡಿದೆ. ಆಕೆಯೂ ಅದನ್ನೇ ಯೋಚಿಸುತ್ತಿದ್ದಳು. ಬೇರೆ ಯಾವ ವಿಷಯದಲ್ಲೂ ನಮ್ಮಿಬ್ಬರ ಮನಸ್ಸು ಕೂಡಿದ್ದಿಲ್ಲ.

"ಅಂಬಲಿಗಿ ಉಪ್ಪು ಹಾಕೀರೇನ್ರಿ?" ಅಂದೆ ಮೆಲ್ಲಗೆ.

"ಇಲ್ರಿ. ಅದು ಸಪ್ಪಗದ."

"ತರ್ರಿ ಮತ್ತ ಲಗೂನ. ಅಕಿ ಗುಂಡಿ ಒತ್ತಿರ್ತಾಳ."

ನಾನು ಸಜ್ಜೆ ರೊಟ್ಟಿ ಪುಡಿ ಮಾಡಿ ಬಟ್ಟಲಿಗೆ ಹಾಕಿದೆ. ಆಕೆ ಮೇಲೆ ಅಂಬಲಿ ಸುರಿದಳು. ಅದರಲ್ಲಿ ಭಜ್ಜಿ ಬೆರಳ ತುದಿಯಷ್ಟೇ ಕಲಸಿದೆ. ರುಚಿ ನೋಡಿದೆವು. ಹುಳಿ, ಉಪ್ಪು, ತಂಪು ಎಲ್ಲ ಹಿತವಾಗಿತ್ತು. ನಾನು ತುತ್ತು ಮಾಡಿದೆ. ಆಕೆಯೂ ತುತ್ತು ಮಾಡಿದಳು. ಎರಡು ಕೈ ಒಟ್ಟಿಗೆ ಕೂಸಿನ ಮುಂದೆ ಹೋದವು.

ಕೂಸು ಎರಡನ್ನೂ ತಳ್ಳಿತು. "ಆಯಿ, ನಾನ ಉಣ್ತೇನಿ!" ಅಂದು ಅಜ್ಜಿಯರಿಬ್ಬರಿಂದ ಬಟ್ಟಲು ಎಳೆದುಕೊಂಡು ಕೈಯನ್ನು ಮಣಿಕಟ್ಟಿನ ತನಕ ಅದ್ದಿತು. ಒಂದು ಮುಷ್ಟಿ ಬಾಯಿಗೆ ಹೋಯಿತು. ಗಲ್ಲ, ಮೂಗು, ಲಂಗ ಎಲ್ಲ ಅಂಬಲಿ. ಮತ್ತೊಂದು ಮುಷ್ಟಿ ಹೋಯಿತು. ಗಾಡಿಯಿಂದ ಬಿಸಿ ನೂಡಲ್ಸ್ ಹಿಡಿದು ಇಳಿದ ಸೊಸೆ ನಿಂತಲ್ಲೇ ನಿಂತಳು. "ಅವ್ವಾ, ಉಣ್ಣಾಕತ್ಯಾಳಲ್ಲ!" ಅಂದಳು. ಅವ್ವ ಅಂದದ್ದು ಯಾರಿಗೆ ಅಂತ ನಾನು ಕೇಳಲಿಲ್ಲ. ಆ ನೂಡಲ್ಸನ್ನು ಮಗ ಬೇವಿನ ಕಷಾಯ ಕುಡಿದ ಮುಖ ಮಾಡಿಕೊಂಡು ಮುಗಿಸಿದ.

ನನ್ನ ಎದೆ ಹೇಗೆ ಉಬ್ಬಿತ್ತೆಂದರೆ ಕುಬಸದ ಗುಂಡಿ ಹರಿಯುವುದೊಂದು ಬಾಕಿ. ಅಷ್ಟರಲ್ಲಿ ಕೂಸು ಬಟ್ಟಲಿಗೆ ಕೈ ಹಾಕಿ, ಬೆರಳ ಸಂದಿಯಿಂದ ಸೋರುವ ತುತ್ತನ್ನು ಎತ್ತಿ, ಮೊದಲು ಬೀಗತಿಯ ಬಾಯಿಗೆ ಇಟ್ಟಿತು. ಆಕೆ ಹತ್ತಿರ ಕೂತಿದ್ದಳು, ಬೇರೆ ಕಾರಣವೇನಿಲ್ಲ. ಎರಡನೆಯದು ನನಗೆ. ನನ್ನದು ದೊಡ್ಡ ತುತ್ತು.