ಟೈ ಅಪ್ಪನ ಮನೆಯಲ್ಲಿ ಏನಾಗುತ್ತಿತ್ತು

ನಮ್ಮ ಮನೆಗೆ ಬಣ್ಣದ ಟಿ.ವಿ. ಬಂದಾಗ ನಾನು ಆರನೇ ಕ್ಲಾಸಿನಲ್ಲಿದ್ದೆ. ಪಿರಿಯಾಪಟ್ಟಣದಿಂದ ಬೈಲಕುಪ್ಪೆಗೆ ಹೋಗುವ ರಸ್ತೆಯಿಂದ ಒಂದಿಷ್ಟು ಒಳಗೆ ನಮ್ಮ ಊರು. ಹೊಗೆಸೊಪ್ಪನ್ನು ಬೆಂಕಿಯ ಕಾವಿಗೆ ಬೇಯಿಸಿ ಒಣಗಿಸುವುದು ಮುಗಿದು, ಎಲೆಗಳನ್ನು ಬಣ್ಣ ನೋಡಿ ವಿಂಗಡಿಸುವ ಕಾಲ. ಅಪ್ಪ ಅಮ್ಮ ಕತ್ತಲಾಗುವ ತನಕ ಶೆಡ್ಡಿನಲ್ಲೇ ಇರುತ್ತಿದ್ದರು. ಹಾಗಾಗಿ ಸಂಜೆ ಐದೂವರೆಗೆ ಟಿ.ವಿ. ಮುಂದೆ ನಾನು ಮತ್ತು ಅಜ್ಜಿ ಇಬ್ಬರೇ.

ಆ ಹೊತ್ತಿಗೆ ಒಂದು ಕಾರ್ಟೂನು ಬರುತ್ತಿತ್ತು. ಅದರ ಹೆಸರನ್ನು ಓದುವಷ್ಟರಲ್ಲಿ ಅಕ್ಷರಗಳು ಕುಣಿದು ಮಾಯವಾಗುತ್ತಿದ್ದವು. ನಾವು ಅದಕ್ಕೆ ‘ಟೈ ಅಪ್ಪನ ಮನೆ’ ಎಂದು ಹೆಸರಿಟ್ಟುಕೊಂಡಿದ್ದೆವು. ದೊಡ್ಡ ಹೊಟ್ಟೆಯ ಅಪ್ಪ, ಹೊಟ್ಟೆಯ ಮೇಲೆ ಸದಾ ಒಂದು ಟೈ. ಮಲಗುವಾಗಲೂ ಅದನ್ನು ಬಿಚ್ಚುತ್ತಿರಲಿಲ್ಲ. ಕೂದಲನ್ನು ಹುಲ್ಲಿನ ಮೆದೆಯ ಹಾಗೆ ಮೇಲಕ್ಕೆ ಕಟ್ಟಿದ ಅಮ್ಮ, ಇಬ್ಬರು ಮಕ್ಕಳು, ಅಟ್ಟದಲ್ಲಿ ಒಬ್ಬ ತಾತ, ಜೊತೆಗೆ ಒಂದು ಬಾತುಕೋಳಿ. ಅವರ ಅಡಿಗೆಮನೆ ಪೂರ್ತಿ ನೀಲಿ. ಅಪ್ಪ ಏಣಿಯಿಂದ ಬೀಳುವಾಗ ತಕ್ಷಣ ಬೀಳುತ್ತಿರಲಿಲ್ಲ. ಗಾಳಿಯಲ್ಲಿ ಒಂದು ಕ್ಷಣ ನಿಂತು, ಕೆಳಗೆ ನೋಡಿ, ನಮ್ಮ ಕಡೆಗೂ ಒಮ್ಮೆ ನೋಡಿ, ಆಮೇಲೆ ಬೀಳುತ್ತಿದ್ದ. ಆ ನೋಟಕ್ಕಾಗಿ ನಾನು ಇಡೀ ದಿನ ಕಾಯುತ್ತಿದ್ದೆ.

ಅವರ ಮಾತೆಲ್ಲ ಹಿಂದಿಯಲ್ಲಿ. ಅಜ್ಜಿಗೆ ಒಂದಕ್ಷರವೂ ತಿಳಿಯದು. ನಮಗೆ ಆ ವರ್ಷವಷ್ಟೇ ಹಿಂದಿ ಪಾಠ ಶುರುವಾಗಿತ್ತು. ‘ಇದು ಪೆನ್ನು, ಅದು ಮರ’ ಎನ್ನುವಷ್ಟು ಬರುತ್ತಿತ್ತು. ಕಿರುಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದದ್ದನ್ನು ಮಾತ್ರ ಅಜ್ಜಿಯ ಮುಂದೆ ಜಂಬದಿಂದ ಹೇಳಿದ್ದೆ.

“ಆವಮ್ಮ ಯಾಕೆ ಮೊಕ ಊದಿಸ್ಕಂಡವ್ಳೆ ಮಗ? ಏನಂತೆ?” ಎಂದು ಅಜ್ಜಿ ಮೊದಲ ದಿನವೇ ಕೇಳಿದರು.

ಗೊತ್ತಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. “ಅವಳಿಗೆ ಮುದ್ದೆ ಸೇರಲ್ವಂತೆ ಅಜ್ಜಿ. ಅವಳ ತವರಲ್ಲಿ ಅನ್ನ ಉಣ್ತಿದ್ರಂತೆ,” ಎಂದುಬಿಟ್ಟೆ.

ಅಜ್ಜಿ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿದರು. “ಅಂಗಾರೆ ನಮ್ ಕಡೆಯೋಳೇ ಬುಡು,” ಎಂದರು. ಅಜ್ಜಿಯ ತವರು ಕೃಷ್ಣರಾಜನಗರದ ಹೊಸ ಅಗ್ರಹಾರದ ಕಡೆ, ನಾಲೆ ನೀರಿನ ಭತ್ತದ ಸೀಮೆ. ನಮ್ಮದು ಮಳೆ ನಂಬಿದ ಕೆಂಪು ಹೊಲ. ಮದುವೆಯಾಗಿ ಬಂದ ಹೊಸದರಲ್ಲಿ ಮುದ್ದೆ ನುಂಗಲು ಬಾರದೆ ಅತ್ತ ಕತೆಯನ್ನು ಅವರೇ ನನಗೆ ಎಷ್ಟೋ ಸಲ ಹೇಳಿದ್ದರು. ಬೇರೆ ಯಾವ ಕತೆಯೂ ಗೊತ್ತಿಲ್ಲದ ನಾನು ಅದನ್ನೇ ಅವರಿಗೆ ತಿರುಗಿ ಹೇಳಿದ್ದೆ.

ಅಲ್ಲಿಂದ ದಿನವೂ ಒಂದೊಂದು ಸೇರಿಸುತ್ತ ಹೋದೆ. ಟೈ ಅಪ್ಪನಿಗೂ ಅವನ ಅಣ್ಣನಿಗೂ ಹೊಲದ ಬದುವಿನ ಜಗಳ ಹಚ್ಚಿದೆ. ದೊಡ್ಡ ಮಗಳನ್ನು ಓದು ಬಿಡಿಸುತ್ತಾರಂತೆ ಎಂದೆ. ಅಜ್ಜಿ ಇದನ್ನೆಲ್ಲ ಶೆಡ್ಡಿನಲ್ಲಿ ಎಲೆ ವಿಂಗಡಿಸುವ ಹೆಂಗಸರಿಗೆ ಒಪ್ಪಿಸುತ್ತಿದ್ದರಂತೆ. ಕಡೆಗೆ ಒಂದು ದಿನ ಮೆದೆಕೂದಲ ಅಮ್ಮ ಮುಖ ಮುಚ್ಚಿಕೊಂಡು ಕೂತದ್ದು ಕಂಡು, ಅವಳ ತಾಯಿ ತೀರಿಹೋದರು ಎಂದೆ. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಅದು ಸುಳ್ಳು ಎಂದು ಹೇಳಿಬಿಡಬೇಕೆನಿಸಿತು. ಆದರೆ ಅಷ್ಟು ದೂರ ಬಂದ ಮೇಲೆ ಹಿಂದಕ್ಕೆ ಹೋಗುವ ದಾರಿ ತಿಳಿಯಲಿಲ್ಲ.

ಸಿಕ್ಕಿಬಿದ್ದದ್ದು ಸ್ವೆಟರಮ್ಮ ಬಂದ ಮೇಲೆ. ಅವರು ಬೈಲಕುಪ್ಪೆಯ ಟಿಬೆಟನ್ ಕ್ಯಾಂಪಿನವರು, ಆಗ ಐವತ್ತರ ಆಸುಪಾಸು. ಚಳಿಗಾಲದಲ್ಲಿ ಉತ್ತರದ ಊರುಗಳಿಗೆ ಹೋಗಿ ಸ್ವೆಟರ್ ಮಾರಿ ಬರುತ್ತಿದ್ದರು, ಹಿಂದಿ ಅಲ್ಲೇ ಕಲಿತದ್ದು. ಊರಿನಲ್ಲಿರುವಾಗ ಪ್ರತಿ ಮಂಗಳವಾರ ನಮ್ಮ ಮನೆಗೆ ಬೆಣ್ಣೆಗೆ ಬರುತ್ತಿದ್ದರು. ಅವರ ಉಪ್ಪಿನ ಚಹಾಕ್ಕೂ ದೇವರ ದೀಪಕ್ಕೂ ಬೆಣ್ಣೆ ಬೇಕು, ಅಜ್ಜಿ ಕಡೆದ ಬೆಣ್ಣೆಯೇ ಆಗಬೇಕು. ಆ ಸಲ ಅವರು ಹಿಂತಿರುಗಿ ಬಂದ ಮೊದಲ ಮಂಗಳವಾರ ಸರಿಯಾಗಿ ಕಾರ್ಟೂನಿನ ಹೊತ್ತು.

“ಬಾರವ್ವ, ಕೂತ್ಕ. ಪಾಪ, ಇವ್ಳ ತಾಯಿ ತೀರೋಗವ್ರೆ,” ಎಂದು ಅಜ್ಜಿ ತೆರೆಯನ್ನು ತೋರಿಸಿದರು.

ಸ್ವೆಟರಮ್ಮ ಚಾಪೆಯ ಮೇಲೆ ಕೂತು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಮೆದೆಕೂದಲ ಅಮ್ಮನೋ ಗೋಳಾಡುತ್ತಿದ್ದಳು.

“ಸಾವಿನ ಮನೆ ನೋಡ್ಕಂಡು ನಗ್ತೀಯಲ್ಲವ್ವ,” ಎಂದರು ಅಜ್ಜಿ.

“ಯಾವ ಸಾವು ಅವ್ವ? ಅವ್ಳ ಕೇಕನ್ನ ಬಾತುಕೋಳಿ ತಿಂದಾಕ್ಬುಟ್ಟದೆ. ಅದ್ಕೆ ಅಳ್ತಾವ್ಳೆ.”

ಅಜ್ಜಿ ನನ್ನ ಕಡೆ ತಿರುಗಿದರು. ನಾನು ಚಾಪೆಯ ಅಂಚಿನ ಕಡ್ಡಿಗಳನ್ನು ಕೀಳುತ್ತ ಕೂತಿದ್ದೆ. ಸ್ವೆಟರಮ್ಮ ಒಮ್ಮೆ ನನ್ನನ್ನು, ಒಮ್ಮೆ ಅಜ್ಜಿಯನ್ನು ನೋಡಿ ನಗು ನಿಲ್ಲಿಸಿದರು. ಅಜ್ಜಿ ಬಯ್ಯಲಿಲ್ಲ. “ನಾ ಕಣ್ಣೀರಾಕ್ಬುಟ್ನಲ್ಲ ಮಗ,” ಎಂದಷ್ಟೇ ಹೇಳಿ ಬೆಣ್ಣೆ ತರಲು ಒಳಗೆ ಹೋದರು. ಮುಂದಿನ ಆರು ದಿನ ನನ್ನ ಪಕ್ಕದಲ್ಲೇ ಕೂತು ಕಾರ್ಟೂನು ನೋಡಿದರು, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಮುಂದಿನ ಮಂಗಳವಾರ ಸ್ವೆಟರಮ್ಮ ಬಂದಾಗ ಅಜ್ಜಿ ಅವರಿಗೆಂದು ಹೊಸ ಚಾಪೆ ಹಾಸಿದ್ದರು. ಕೂಡಿಟ್ಟುಕೊಂಡ ಪ್ರಶ್ನೆಗಳು ಒಂದರ ಹಿಂದೆ ಒಂದು ಹೊರಬಂದವು. ಬದುವಿನ ಜಗಳ ಏನಾಯಿತು? ಜಗಳವೇ ಇಲ್ಲ. ಮಗಳ ಓದು ಬಿಡಿಸಿದರಾ? ಇಲ್ಲ, ಅವಳು ದಿನಾ ಸ್ಕೂಲಿಗೆ ಹೋಗ್ತಾವ್ಳೆ.

“ಮತ್ತೆ ಏನಾಯ್ತದೆ ಆ ಮನೇಲಿ?”

“ಏನೂ ಆಗಕಿಲ್ಲ ಅವ್ವ. ಬೀಳ್ತಾರೆ, ಏಳ್ತಾರೆ. ನಗ್ಸೋದಷ್ಟೇಯ.”

ಅಜ್ಜಿಯ ಮುಖದಲ್ಲಿ ನಿರಾಸೆ ಕಾಣುತ್ತದೆ ಎಂದುಕೊಂಡಿದ್ದೆ. ಆದರೆ ಅವರು ಇನ್ನೂ ಹತ್ತಿರಕ್ಕೆ ಸರಿದು ಕೂತರು. ನಿನ್ನೆ ಸುಟ್ಟುಹೋದ ಅಡಿಗೆಮನೆ ಇವತ್ತು ಹೇಗೆ ಮೊದಲಿನಂತೆ ಇದೆ, ಮಕ್ಕಳು ಯಾಕೆ ಬೆಳೆಯುವುದಿಲ್ಲ, ಅಷ್ಟು ಮೇಲಿಂದ ಬಿದ್ದವನಿಗೆ ಸೊಂಟ ಯಾಕೆ ಮುರಿಯುವುದಿಲ್ಲ ಎಂದು ಕೇಳಿದರು. ಸ್ವೆಟರಮ್ಮನಿಗೆ ಬೇರೆಯದೇ ಕುತೂಹಲ. ಅಷ್ಟು ದೊಡ್ಡ ಮನೆಯಲ್ಲಿ ದೇವರನ್ನು ಎಲ್ಲಿ ಇಟ್ಟಿದ್ದಾರೆ ಎಂದು ಪ್ರತಿ ಸಲ ಗೋಡೆ ಗೋಡೆ ಹುಡುಕುತ್ತಿದ್ದರು. ಇಬ್ಬರು ಮಕ್ಕಳನ್ನು ಕಳೆದುಕೊಂಡಿದ್ದ ಅಜ್ಜಿ ಒಮ್ಮೆ, “ಏನೂ ಆಗದ ಮನೆ ಅಂದ್ರೆ ಯೆಂಗಿರ್ತದೆ ಅಂತ ನಾ ಕಂಡೇ ಇರ್ನಿಲ್ಲ,” ಎಂದರು. ಆಗ ಅದು ನನ್ನ ಕಿವಿಯ ಮೇಲೆ ಹಾದುಹೋದ ಮಾತು.

ಅಟ್ಟದ ತಾತನ ಬಗ್ಗೆಯೂ ಕೇಳಿದ್ದರು. ಆ ತಾತ ಕಿಟಕಿಯ ಹತ್ತಿರ ಕೂತು ಗೊಣಗುತ್ತಿದ್ದ, ಕೆಳಗೆ ಬರುತ್ತಲೇ ಇರಲಿಲ್ಲ. “ಅವ್ನ ಊರು ಬೇರೆ ಅವ್ವ,” ಎಂದಿದ್ದರು ಸ್ವೆಟರಮ್ಮ. “ಬಲು ದೂರ. ದಾರಿ ತೆರೆದ್ರೆ ಹೋಗ್ಬೇಕು ಅಂತ ಕಿಟಕೀಲಿ ನೋಡ್ತಾ ಕೂತವ್ನೆ.” ಅಂದಿನಿಂದ ತಾತ ಕಂಡಾಗಲೆಲ್ಲ ಅಜ್ಜಿ, “ಪಾಪ, ಇನ್ನೂ ದಾರಿ ತೆರೆದಿಲ್ವಲ್ಲ,” ಎನ್ನುತ್ತಿದ್ದರು.

ನನಗೂ ಪಾಠ ಶುರುವಾಯಿತು. “ಕೇಳಿಸ್ಕೊ. ಬಾಯಿ ನೋಡ್ಬೇಡ, ಮಾತು ಕೇಳು,” ಎಂದು ಸ್ವೆಟರಮ್ಮ ಒಂದೊಂದೇ ಮಾತು ಬಿಡಿಸಿ ಹೇಳಿಕೊಡುತ್ತಿದ್ದರು. ಎರಡು ವರ್ಷದಲ್ಲಿ ಕಾರ್ಟೂನು ನಿಂತುಹೋಯಿತು. ಅಷ್ಟರಲ್ಲಿ ನಾನು ಅರ್ಧಕ್ಕರ್ಧ ನಿಜವಾಗಿಯೇ ಅಜ್ಜಿಗೆ ಹೇಳಬಲ್ಲವಳಾಗಿದ್ದೆ. ಹಿಂದಿಯಲ್ಲೇ ಎಂ.ಎ. ಮಾಡಿದೆ. ಮೌಖಿಕ ಪರೀಕ್ಷೆಯಲ್ಲಿ ಒಬ್ಬರು, ನಿನ್ನ ಉಚ್ಚಾರಣೆ ಉತ್ತರದ ಬೆಟ್ಟಗಳ ಕಡೆಯವರ ಹಾಗಿದೆ, ಯಾರು ಕಲಿಸಿದರು ಎಂದು ಕೇಳಿದ್ದರು. ಈಗ ಕೃಷ್ಣರಾಜನಗರದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಹಿಂದಿ ಟೀಚರು, ಮನೆ ಹುಣಸೂರಿನಲ್ಲಿ. ನಾನು ಕೆಲಸಕ್ಕೆ ಸೇರುವ ಮೊದಲೇ ಅಜ್ಜಿ ಹೋದರು.

ಹೋದ ವರ್ಷ ನನ್ನ ಮಗಳು ಫೋನಿನಲ್ಲಿ ಏನೋ ನೋಡಿ ನಗುತ್ತಿದ್ದಳು. ಇಣುಕಿದರೆ ನೀಲಿ ಅಡಿಗೆಮನೆ. ಅವತ್ತು ಅನ್ನ ತಳ ಹಿಡಿದರೂ ಏಳಲಿಲ್ಲ. ಈ ಸಲ ಒಂದು ಮಾತೂ ತಪ್ಪಿಹೋಗಲಿಲ್ಲ. ಟೈ ಅಪ್ಪ ಬೀಳುವ ಮುಂಚೆ ಪ್ರತಿ ಸಲ ಹೆಂಡತಿಗೆ, “ಊಟಕ್ಕೆ ಬರ್ತೀನಿ,” ಎಂದು ಕೂಗಿ ಹೇಳಿಯೇ ಬೀಳುತ್ತಾನೆ ಎಂಬುದು ಗೊತ್ತಾದದ್ದು ಆವಾಗಲೇ. ಬರೀ ನಗಿಸುವುದಕ್ಕೆ ಇಷ್ಟು ಅಕ್ಕರೆಯಿಂದ ಮಾಡಿದ್ದಾರಲ್ಲ ಎನಿಸಿತು.

ಆದರೆ ತಾತ ಬಾತುಕೋಳಿಗೆ ಗುಟ್ಟಾಗಿ ಹೇಳುತ್ತಿದ್ದದ್ದು ಬೇರೆ. “ಕೆಳಗಿಳಿದರೆ ಪಾತ್ರೆ ತೊಳೆಸುತ್ತಾರೆ, ಸುಮ್ಮನಿರು.” ಅಷ್ಟೇ. ಸಿಕ್ಕಿದ ಕಂತುಗಳನ್ನೆಲ್ಲ ಹುಡುಕಿದೆ. ದೂರದ ಊರಿಲ್ಲ, ಮುಚ್ಚಿದ ದಾರಿಯಿಲ್ಲ. ತಾತ ಬರೀ ಮೈಗಳ್ಳ.

ತಡೆಯಲಾರದೆ ಒಂದು ಭಾನುವಾರ ಬೈಲಕುಪ್ಪೆಗೆ ಹೋದೆ. ಸ್ವೆಟರಮ್ಮ ಮಗನ ಅಂಗಡಿಯ ಮುಂದೆ, ಬಿಸಿಲಿಗೆ ಬೆನ್ನು ಕೊಟ್ಟು ಜಪಮಣಿ ಎಣಿಸುತ್ತಿದ್ದರು. ಅವರಿಗೆ ನನ್ನ ಗುರುತು ಸಿಕ್ಕಲು ಸ್ವಲ್ಪ ಹೊತ್ತು ಬೇಕಾಯಿತು. “ಬೆಣ್ಣೆ ಅವ್ವನ ಮೊಮ್ಮಗಳು ಕಣಮ್ಮ,” ಎಂದ ಮೇಲೆ ಎರಡೂ ಕೈ ಹಿಡಿದುಕೊಂಡರು. ಫೋನಿನಲ್ಲಿ ತಾತನನ್ನು ತೋರಿಸಿ, “ನೀವು ಯಾಕೆ ಹಾಗೆ ಹೇಳಿದ್ರಿ?” ಎಂದು ಕೇಳಿದೆ.

ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. “ಅಂಗೆ ಯೋಳಿದ್ನಾ? ಯೋಳಿರ್ಬೋದು. ಇವ್ನು ಗೊಣಗೋದು ನಂಗೂ ತಿಳೀತಿರ್ನಿಲ್ಲ. ನಿಮ್ಮಜ್ಜಿ ಕೇಳಿದ್ರಲ್ಲ, ಏನಾರ ಯೋಳ್ಬೇಕಿತ್ತು.” ಫೋನನ್ನು ನನ್ನ ಕೈಗೆ ಕೊಡುತ್ತ, “ಆಗ ನಮ್ಮಪ್ಪ ಇದ್ರಲ್ಲ, ಮನೇಲಿ, ಕಿಟಕಿ ತಾವ,” ಎಂದರು.

ಅವರಿಗೆ ಮನೆಯಲ್ಲಿ ಒಬ್ಬ ಅಪ್ಪ ಇದ್ದರೆಂದು ನಮಗೆ ಗೊತ್ತೇ ಇರಲಿಲ್ಲ. ಅಷ್ಟೊಂದು ಮಂಗಳವಾರ ನಮ್ಮ ಚಾಪೆಯ ಮೇಲೆ ಕೂತಿದ್ದರೂ, ಟೈ ಅಪ್ಪನ ಮನೆಯ ಬಾತುಕೋಳಿಯ ಬಗ್ಗೆ ಕೇಳಿದಷ್ಟು ನಾವು ಅವರ ಮನೆಯ ಬಗ್ಗೆ ಕೇಳಿರಲಿಲ್ಲ.

ಅವತ್ತು ಕೇಳಿದೆ. ಸೊಸೆ ತಂದ ಉಪ್ಪಿನ ಚಹಾ ಕುಡಿಯುತ್ತ ಅವರು ಹೇಳಿದರು. ಅಪ್ಪನಿಗೆ ಕಡೆಯವರೆಗೂ ಕನ್ನಡ ಬರಲಿಲ್ಲವಂತೆ. ಆನೆ ನುಗ್ಗದಂತೆ ರಾತ್ರಿ ಬೆಂಕಿ ಹಾಕಿ ಜೋಳದ ಹೊಲ ಕಾಯುತ್ತ ಕಲಿತದ್ದು ಮೂರೇ ಮಾತು: ‘ಆನೆ’, ‘ಬೆಂಕಿ’, ‘ಬನ್ನಿ’. ಮನೆಗೆ ಯಾರೇ ಬಂದರೂ ಮೂರನ್ನೂ ಒಟ್ಟಿಗೇ ಹೇಳಿ ಒಳಗೆ ಕರೆಯುತ್ತಿದ್ದರಂತೆ. ಅದನ್ನು ಹೇಳಿ ಸ್ವೆಟರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಲೋಟವನ್ನು ಮತ್ತೆ ಮುಂದಕ್ಕೆ ಹಿಡಿದು, ಅಪ್ಪ ಮತ್ತೇನು ಮಾಡುತ್ತಿದ್ದರು ಎಂದು ಕೇಳಿದೆ.