ಅತ್ತೆಯ ಮರುಪರೀಕ್ಷೆ

ಬಂಗಡೆ ಹುರಿಯುವ ವಾಸನೆ ಎಲ್ಲಿಂದ ಬಂದರೂ ನನಗೆ ಭಿನ್ನರಾಶಿಯ ಲೆಕ್ಕ ನೆನಪಾಗುತ್ತದೆ. ತೆಂಗಿನಗುಂಡಿಯ ನಮ್ಮ ಮನೆಯ ಜಗಲಿಯಲ್ಲಿ ಸಂಜೆಯಾದರೆ ಅರ್ಧ ತರಗತಿಯೇ ಬಂದು ಕೂರುತ್ತಿತ್ತು. ಅಪ್ಪನ ಅಕ್ಕ, ಅಂದರೆ ನಮ್ಮ ಅತ್ತೆ, ಊರಿನ ಶಾಲೆಯಲ್ಲೇ ಟೀಚರ್. ಪರೀಕ್ಷೆಯಲ್ಲಿ ತಪ್ಪಿದ ಲೆಕ್ಕವನ್ನು ಅವಳ ಹತ್ತಿರ ಕಲಿತು ಮತ್ತೆ ಪರೀಕ್ಷೆ ಬರೆಯಬಹುದಿತ್ತು. ಹಳೆಯ ಅಂಕ ಹೊಡೆದುಹಾಕಿ ಹೊಸದನ್ನೇ ಬರೆಯುವುದು ನಾನು ಐದನೇ ಕ್ಲಾಸಿನಲ್ಲಿದ್ದಾಗ ಅವಳು ತಂದ ಪದ್ಧತಿ. ಒಳಗಿನಿಂದ ಅಜ್ಜಿ, "ಲೆಕ್ಕ ಬರ್ಲಿ ಬಿಡ್ಲಿ, ಮೀನು ತಿಂದ್ಕಂಡು ಹೋಗಿ" ಎಂದು ಕೂಗುತ್ತಿದ್ದಳು. ಕೆಲವರು ಬರುತ್ತಿದ್ದದ್ದೇ ಅದಕ್ಕೆ ಎಂಬುದು ನನ್ನ ಗುಮಾನಿ.

ನನ್ನ ಪಕ್ಕ ಕೂರುತ್ತಿದ್ದ ಮಾದೇವಿಗೆ ಮೊದಲ ಪರೀಕ್ಷೆಯಲ್ಲಿ ಇಪ್ಪತ್ತೈದಕ್ಕೆ ಎರಡು ಬಂದಿತ್ತು. "ಶಾಲೆ ಸಾಕು, ಸಿಗಡಿ ಸುಲಿಯೂಕೆ ಬಾ" ಎಂದುಬಿಟ್ಟಿದ್ದಳು ಅವಳ ಅವ್ವ. ಅತ್ತೆ ಅವರ ಮನೆಗೇ ಹೋಗಿ, "ಸ್ವಲ್ಪ ದಿನ ತಡಿ, ಆಮೇಲೆ ನೋಡುವ" ಎಂದು ಒಪ್ಪಿಸಿ ಬಂದಳು. ಎರಡನೇ ಸಲ ಒಂಬತ್ತು. ಮೂರನೇ ಸಲ ಇಪ್ಪತ್ತೈದಕ್ಕೆ ಇಪ್ಪತ್ತೈದು! ಮಾದೇವಿ ಹಾಳೆ ಎತ್ತಿ ಹಿಡಿದು, ಬಲೆ ಒಣಗಿಸಿದ್ದ ದಂಡೆಯುದ್ದಕ್ಕೂ ಕೂಗುತ್ತ ಓಡಿದಳು. ಅವಳ ಹಿಂದೆ ನಾವು, ನಮ್ಮ ಹಿಂದೆ ಊರ ನಾಯಿಗಳು.

ಮರುದಿನ ಅಂಗಡಿಯ ಸುಬ್ರಾಯಣ್ಣ ಮಗಳು ಸವಿತಳ ಕೈಹಿಡಿದುಕೊಂಡು ಜಗಲಿಗೆ ಬಂದ. ಸವಿತ ಯಾವಾಗಲೂ ಕ್ಲಾಸಿಗೇ ಫಸ್ಟ್.

"ಟೀಚರೇ, ಇದೆಂತ ನ್ಯಾಯ? ನಮ್ ಸವಿತ ಒಂದೇ ಸಲಕ್ಕೆ ತಕ್ಕಂಡದ್ದೂ ಇಪ್ಪತ್ತೈದು, ಮಾದೇವಿ ಮೂರು ಸಲ ಬರ್ದದ್ದೂ ಇಪ್ಪತ್ತೈದು!"

"ಈಜು ಕಲಿಯುವಾಗ ನೀವೆಷ್ಟು ನೀರು ಕುಡಿದ್ರಿ, ಸುಬ್ರಾಯಣ್ಣ?" ಎಂದಳು ಅತ್ತೆ.

"ಸುಮಾರು ಕುಡಿದಿದ್ದೆ. ಅದೆಂತಕ್ಕೆ ಈಗ?"

"ಈಗ ಈಜು ಬತ್ತದಲ್ಲ? ನಾನು ನೋಡೂದು ಅಷ್ಟೇ."

ಅಷ್ಟರಲ್ಲಿ ಸವಿತ ಅಳು ದನಿಯಲ್ಲಿ, "ಎಲ್ಲಾ ಲೆಕ್ಕ ಸರಿ ಮಾಡ್ದವ್ರು ಇಲ್ಲಿ ಬರೂಕಾಗೂದಿಲ್ವಾ ಟೀಚರ್?" ಎಂದಳು. ಅವಳ ಕಣ್ಣು ನಮ್ಮ ತಟ್ಟೆಗಳ ಮೇಲಿತ್ತು. ಸುಬ್ರಾಯಣ್ಣನಿಗೇ ಮೊದಲು ನಗು ಬಂತು. "ಆತು, ನಿಂಗೆ ಇನ್ನೂ ಕಷ್ಟದ್ದು ಕೊಡ್ತೆ, ಕೂತ್ಕ" ಎಂದಳು ಅತ್ತೆ. ಅಜ್ಜಿ ಸುಬ್ರಾಯಣ್ಣನಿಗೂ ಒಂದು ತಟ್ಟೆ ತಂದಿಟ್ಟಳು.

ಮಾದೇವಿ ಶಾಲೆ ಬಿಡಲಿಲ್ಲ. ಈಗ ಕುಮಟೆಯಲ್ಲಿ ನರ್ಸ್. ಅಜ್ಜಿ ಹೋಗಿ ಬಹಳ ಕಾಲವಾಯಿತು, ಆಮೇಲೆ ಅತ್ತೆಯೂ ಹೋದಳು. ಮನೆ ಇದ್ದ ಜಾಗ ರಸ್ತೆಗೆ ಸೇರಿತು. ಮೊನ್ನೆ ಸಂಜೆ ಅಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆ. ನಮ್ಮ ಗದ್ದಲದಲ್ಲಿ ಆಗೆಲ್ಲ ಸಮುದ್ರದ ಸದ್ದೇ ಕೇಳುತ್ತಿರಲಿಲ್ಲ. ಈಗ ಸ್ಪಷ್ಟವಾಗಿ ಕೇಳುತ್ತದೆ.